ಖರೀದಿದಾರನ ಹೆಂಡತಿ

ಟಿಕ್ ಎಂದಿತು. ಹಲ್ಲಿಯಿರಬೇಕೆಂದು ಸುಮನಾ ನಿದ್ದೆಗಣ್ಣಿನಲ್ಲೇ 'ಶಿವ ಶಿವ' ಅಂದಳು. ಮತ್ತೆ ಟಿಕ್. ಆಮೇಲೆ ಒಂದರ ಬೆನ್ನಿಗೆ ಒಂದು, ಟಿಕ್ ಟಿಕ್ ಟಿಕ್. ಯಾವ ಹಲ್ಲಿಯೂ ಇಷ್ಟು ಆತುರದಲ್ಲಿ ಶಕುನ ನುಡಿಯುವುದಿಲ್ಲ. ಪಕ್ಕಕ್ಕೆ ಕೈಯಾಡಿಸಿದಳು, ಹಾಸಿಗೆ ಖಾಲಿ. ಬಾಗಿಲ ಸಂದಿಯಿಂದ ನೀಲಿ ಬೆಳಕು ಬಂದು ಗೋಡೆಯ ಕ್ಯಾಲೆಂಡರಿನ ಬಸವಣ್ಣನ ಮುಖದ ಮೇಲೆ ನಿಂತಿತ್ತು. ನಡುಮನೆಯಲ್ಲಿ ಸೋಮನಾಥ ಬನಿಯನ್ನಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಬಾವಿಗೆ ಬಿದ್ದ ಕೊಡವನ್ನು ಇಣುಕಿ ನೋಡುವವನ ಹಾಗೆ ಬಗ್ಗಿ, ಮೌಸು ಒತ್ತುತ್ತಿದ್ದಾನೆ ಎನ್ನುವುದು ಅವಳಿಗೆ ನೋಡದೆಯೇ ಗೊತ್ತಾಯಿತು. ಕೇಳಿದರೆ 'ಸ್ಟಾಕ್ ಎಂಟ್ರಿ' ಅನ್ನುತ್ತಾನೆ. ಮೊಳೆ, ಬೋಲ್ಟು, ಪಿ.ವಿ.ಸಿ. ಪೈಪು ಮಾರುವ ಅಂಗಡಿಗೆ ನಡುರಾತ್ರಿಯಲ್ಲಿ ಎಂಥ ಸ್ಟಾಕು? ಕೇಳಬೇಕಾದ ಪ್ರಶ್ನೆಯನ್ನು ಅವಳು ಮನಸ್ಸಿನಲ್ಲೇ ಮೂರು ಥರ ಕಟ್ಟಿ ನೋಡಿದಳು. ಮೊದಲನೆಯದರಲ್ಲಿ ಅನುಮಾನ ಎದ್ದು ಕಾಣುತ್ತಿತ್ತು, ಎರಡನೆಯದರಲ್ಲಿ ಅಕ್ಕರೆ ಅತಿಯಾಗಿ ಅದೂ ಅನುಮಾನದ ಹಾಗೇ ಕೇಳಿಸಿತು, ಮೂರನೆಯದು ಪರೀಕ್ಷೆಯ ಪ್ರಶ್ನೆಯಂತಿತ್ತು. ಅಷ್ಟರಲ್ಲಿ ನಡುಮನೆಯಿಂದ 'ಹ್ಹಾ!' ಎಂಬ ಸಣ್ಣ ಉದ್ಗಾರ ಕೇಳಿಸಿತು, ಬೆಳಕು ಆರಿತು. ಸೋಮನಾಥ ಬಂದು ಮಲಗಿ, ಗೆದ್ದವರಿಗೆ ಮಾತ್ರ ಬರುವಂಥ ನಿದ್ದೆಗೆ ಜಾರಿದ.

ಏನು ಗೆದ್ದನೆಂಬುದು ಮರುದಿನ ಕೊಪ್ಪದಲ್ಲಿ ತಿಳಿಯಿತು. ನರಸಿಂಹರಾಜಪುರದಿಂದ ದಿನಾ ಬಸ್ಸಿನಲ್ಲಿ ಕೊಪ್ಪಕ್ಕೆ ಹೋಗಿ ಪಿ.ಯು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಸುಮನಾ, ಕೊನೆಯ ಪೀರಿಯಡ್ಡಿಗೂ ವಾಪಸು ಬಸ್ಸಿಗೂ ನಡುವಿನ ಹೊತ್ತನ್ನು ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಸೆಂಟರಿನಲ್ಲಿ ಕಳೆಯುತ್ತಿದ್ದಳು. ಸೆಂಟರು ಅವಳ ಬಿ.ಎ. ಗೆಳತಿ ತಸ್ಮಿಯಾಳ ತಮ್ಮ ಮುಸವ್ವಿರನದು. ಅಲ್ಲಿ, ಮೂಲೆಯ ಕಂಪ್ಯೂಟರಿನಲ್ಲಿ, ಅವಳಿಗೆ ಇನ್ನೊಂದು ಹೆಸರಿತ್ತು: ಸುಮುಖ. ಇಂಟರ್‌ನೆಟ್ಟಿನ ಹರಾಜಿನ ಸೈಟಿನಲ್ಲಿ, ಸೆಂಟರಿನದೇ ವಿಳಾಸ ಕೊಟ್ಟು, ಹಳೆಯ ಸಾಮಾನು ಮಾರುವ ಸುಮುಖನನ್ನು ಎಲ್ಲರೂ ಗಂಡಸೆಂದೇ ತಿಳಿದಿದ್ದರು, ಅವಳೂ ತಿದ್ದಿರಲಿಲ್ಲ. ಮೊದಲು ಮಾರಿದ್ದು ಅಜ್ಜನ ಕಾಲದ ತೂತು ಕಾಸುಗಳನ್ನು, ಆಮೇಲೆ ಒಂದು ಹಿತ್ತಾಳೆಯ ಮಸಿಕುಡಿಕೆಯನ್ನು. ಬಂದ ದುಡ್ಡು ಬಸ್ಸಿನ ಚಾರ್ಜಿಗೂ ಸಾಲುವಂತಿರಲಿಲ್ಲ. ಆದರೆ ಕಟ್ಟು ತಲುಪಿದ ಮೇಲೆ ಆ ಅಪರಿಚಿತರು ಒಂದೊಂದು ಸಾಲು ಬರೆಯುತ್ತಿದ್ದರು: ಪ್ರಾಮಾಣಿಕ ಮಾರಾಟಗಾರರು. ಹೇಳಿದ್ದನ್ನೇ ಕಳಿಸಿದ್ದಾರೆ. ಇವರೊಂದಿಗೆ ವ್ಯವಹರಿಸುವುದು ಸಂತೋಷ. ವಾಪಸು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವಳು ಆ ಸಾಲುಗಳನ್ನು ಚಪ್ಪರಿಸುತ್ತಿದ್ದಳು. ಮನೆಯಲ್ಲಿ ಅವಳ ಬಗ್ಗೆ ಈವರೆಗೆ ಬಂದ ಅತ್ಯುತ್ತಮ ಅಭಿಪ್ರಾಯವೆಂದರೆ ಅತ್ತೆ ಶಂಕರಮ್ಮ ನೆಂಟರೊಬ್ಬರಿಗೆ ಹೇಳಿದ್ದು: 'ತಂಟೆಯಿಲ್ಲ.'

ಈ ಸಲ ಮಾರಲಿಟ್ಟದ್ದು ಒಂದು ತಗಡಿನ ಬೋರ್ಡು. ಬಚ್ಚಲ ಒಲೆಯ ಪಕ್ಕ ಸೌದೆಯ ಮೇಲೆ ಎಷ್ಟೋ ವರ್ಷದಿಂದ ಮುಚ್ಚಿಟ್ಟಿದ್ದನ್ನು ಅವಳು ಒಂದು ದಿನ ತಿರುಗಿಸಿ ನೋಡಿದ್ದಳು. ಮಸಿಯ ಕೆಳಗೆ ನೀಲಿ ಎನಾಮೆಲ್ಲು, ಬಿಳಿಯ ಆನೆ, ಆನೆಯ ಸೊಂಡಿಲಿನಲ್ಲಿ ಉರಿಯುವ ಲಾಟೀನು. ಮಾವನವರ ಕಾಲದಲ್ಲಿ ಅಂಗಡಿಯಲ್ಲಿ ಸೀಮೆಎಣ್ಣೆ ಮಾರುತ್ತಿದ್ದಾಗಿನದು. ಇಂಥವಕ್ಕೆ ಊರ ಹೊರಗೆ ಹುಚ್ಚರಿದ್ದಾರೆಂದು ಅವಳಿಗೆ ಸೈಟಿನಿಂದ ಗೊತ್ತಾಗಿತ್ತು. ಬೂದಿ ಹಾಕಿ ತಿಕ್ಕಿ, ಗೋಣಿಯಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರ್ ಶೇಷಪ್ಪನ ಕೈಯಲ್ಲಿ 'ಎಂತ ಮೇಡಂ, ಕಪ್ಪು ಹಲಗೆನೂ ಮನೆಯಿಂದಲೇ ಒಯ್ಯಬೇಕಾ ಕಾಲೇಜಿಗೆ?' ಎಂದು ಅನ್ನಿಸಿಕೊಂಡು, ಕೊಪ್ಪಕ್ಕೆ ಸಾಗಿಸಿದ್ದಳು. ಮುಸವ್ವಿರ್ ಫೋಟೋ ತೆಗೆದು ಏರಿಸಿದ. ಇಡುವುದಕ್ಕೆ ಒಂದು ಫೀಸು, ಎರಡನೆಯ ಫೋಟೋಕ್ಕೆ ಇನ್ನೊಂದು, ಹೆಸರು ದಪ್ಪಕ್ಷರದಲ್ಲಿ ಕಾಣಬೇಕೆಂದರೆ ಮತ್ತೊಂದು, ಮಾರಿಹೋದರೆ ಮಾರಿಹೋದ ತಪ್ಪಿಗೆ ಕೊನೆಯದೊಂದು. ಎಲ್ಲವೂ ಮುಸವ್ವಿರನ ಕಾರ್ಡಿನಿಂದ ಕಡಿತವಾಗುತ್ತಿತ್ತು, ಅವಳು ಆಮೇಲೆ ಅವನಿಗೆ ಕೊಡುತ್ತಿದ್ದಳು. ಬಾಳೆಹೊನ್ನೂರಿನಲ್ಲಿ ಅವಳ ಅಪ್ಪ ಮಂಡಿಯಿಂದ ಬಂದಾಗಲೆಲ್ಲ, ದಲಾಲಿ ಕಳೆದು, ತೂಕದವನದು, ಹಮಾಲಿ ಕಳೆದು, ಉಳಿದದ್ದನ್ನು ಕೈಯಲ್ಲಿ ಹಿಡಿದು, 'ಮೆಣಸು ನಮ್ಮದೋ ಅವರದೋ?' ಎಂದು ಕೇಳುತ್ತಿದ್ದುದು ನೆನಪಾಯಿತು. ಇಲ್ಲಿ ಕೈಯಲ್ಲಿ ಹಿಡಿಯಲಿಕ್ಕೂ ಏನಿಲ್ಲ, ಇಂಗ್ಲಿಷಿನ ವಂದನೆಗಳು ಮಾತ್ರ.

ಅಭಿನಂದನೆಗಳು ಎಂದಿತು ಆ ದಿನದ ಇ-ಮೇಲು. ನಿಮ್ಮ ವಸ್ತು ಮಾರಾಟವಾಗಿದೆ. ಏಳು ಸಾವಿರದ ಚಿಲ್ಲರೆ. ಕೆಳಗೆ ಖರೀದಿದಾರನ ಹೆಸರು, ವಿಳಾಸ, ಮೊಬೈಲ್ ನಂಬರು ಇತ್ತು. ಸೋಮನಾಥ್, ಹಾರ್ಡ್‌ವೇರ್ ಮರ್ಚೆಂಟ್ಸ್, ಬಸ್‌ಸ್ಟ್ಯಾಂಡ್ ರಸ್ತೆ, ನರಸಿಂಹರಾಜಪುರ. ನಂಬರನ್ನು ಅವಳು ಎರಡು ಸಲ ಓದಿದಳು. ತವರಿಗೆ ಹೋದಾಗ ದಿನವೂ ಸಂಜೆ ಒತ್ತುವ ನಂಬರು.

'ಯಾರೇ ತಗಂಡಿದ್ದು?' ಎಂದು ತಸ್ಮಿಯಾ ಕೌಂಟರಿನಿಂದಲೇ ಕೂಗಿದಳು.

'ಯಾರೋ ಸಾಗರದ ಕಡೆಯವರು,' ಎಂದಳು ಸುಮನಾ. ಪರದೆಯ ಮೇಲಿನ ಕಿಟಕಿಯನ್ನು ಮುಚ್ಚಿದ ಮೇಲೂ ಕೈ ಮೌಸಿನ ಮೇಲೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಎರಡು ವಾರದ ಹಿಂದಿನ ಊಟದ ಹೊತ್ತು ನೆನಪಾಗಿ ನಗು ಬಂತು, ನಗುವಿನ ಹಿಂದೆಯೇ ನಾಚಿಕೆಯೂ. ಶಂಕರಮ್ಮ ಬಚ್ಚಲಿನಿಂದ ಬಂದವರು, 'ಸೌದೆ ಮೇಲೆ ಮುಚ್ಚಿದ್ದ ತಗಡು ಎಲ್ಲೇ?' ಅಂದಿದ್ದರು.

'ಗುಜರಿಯವನಿಗೆ ಹಾಕ್ದೆ ಅತ್ತೆ. ತುಕ್ಕು ಹಿಡಿದಿತ್ತು.'

'ಎಷ್ಟು ಕೊಟ್ಟ?'

'ಹತ್ತು ರೂಪಾಯಿ.'

'ಹತ್ತೂ ಹೆಚ್ಚಾಯ್ತು ಬಿಡವ್ವ ಅದಕ್ಕೆ,' ಎಂದು ಸೋಮನಾಥ ಸಾರಿಗೆ ಅನ್ನ ಕಲಸುತ್ತ ತಾಯಿಗೆ ಹೇಳಿದ್ದ. ಆ ಹೊತ್ತಿಗಾಗಲೇ ಅವನು ಅದೇ ತಗಡಿಗೆ ಮುಂಬಯಿಯ ಯಾರೋ ಒಬ್ಬನ ಮೇಲೆ ಬಿದ್ದು ಸಾವಿರದ ಮೇಲೆ ಸಾವಿರ ಏರಿಸುತ್ತಿದ್ದ.

ದುಡ್ಡು ಬರುವುದಿಲ್ಲವೆಂದು ಅವಳಿಗೆ ಆ ಬಸ್ಸಿನಲ್ಲೇ ಖಚಿತವಾಯಿತು. ಸೋಮನಾಥ ಮೋಸಗಾರನಲ್ಲ. ಅವನು ಸವಾಲಿನ ಮನುಷ್ಯ. ಬಸ್‌ಸ್ಟ್ಯಾಂಡಿನ ಗಣಪತಿ ಬಿಡುವ ದಿನ, ಗಣಪತಿಯ ಮುಂದಿನ ಕಾಯಿ, ಕೊರಳ ಹಾರ, ಕೈಯ ಹಣ್ಣು ಎಲ್ಲವನ್ನೂ ಮೈಕಿನಲ್ಲಿ ಸವಾಲು ಕೂಗುತ್ತಾರೆ. ಕಾಯಿ ಯಾವಾಗಲೂ ಸೋಮನಾಥನದು. ಒಂದು ಸಲ, ಎರಡು ಸಲ ಎಂದು ಕಮಿಟಿಯ ಧರ್ಮಪ್ಪ ಎಳೆದು ಎಳೆದು ಕೂಗುವಾಗ ಅವನ ಮುಖ ಮದುವೆಯ ದಿನವೂ ಇರದಷ್ಟು ಕೆಂಪಗಾಗುತ್ತದೆ. ಮೂರನೆಯ ಸಲಕ್ಕೆ ಹೆಸರು ಊರಿಗೆಲ್ಲ ಕೇಳಿಸುತ್ತದೆ. ದುಡ್ಡು ಅಂದೇ ಕೊಡಬೇಕೆಂದಿಲ್ಲ, ಮುಂದಿನ ವರ್ಷ ಗಣಪತಿ ಕೂರಿಸುವಾಗ ಕೊಟ್ಟರಾಯಿತು, ಅದು ಪದ್ಧತಿ. ಕೊಡದಿದ್ದವರನ್ನೂ ಯಾರೂ ಕೇಳುವುದಿಲ್ಲ. ಧರ್ಮಪ್ಪ ಒಂದು ಸಂಜೆ ಸುಮ್ಮನೆ ಬಂದು ಜಗಲಿಯ ಮೇಲೆ ಕೂತು, ಮಳೆ ಬೆಳೆ ಮಾತಾಡಿ, ಕಾಫಿ ಕುಡಿದು, ಲೋಟ ಬೋರಲು ಹಾಕಿ ಹೋಗುತ್ತಾನೆ. ಅದೇ ವಸೂಲಿ. ಎರಡು ಸಲ ಕಾಫಿ ಕುಡಿದರೆ ಮಾನವಂತರು ಕೊಟ್ಟುಬಿಡುತ್ತಾರೆ. ಸೋಮನಾಥನಿಗೆ ಮೂರು ನಾಲ್ಕು ಬೇಕಾಗುತ್ತಿತ್ತು. ಆದರೂ ಕೂಗುವುದಕ್ಕೂ ಕೊಡುವುದಕ್ಕೂ ನಡುವೆ ಒಂದು ವರ್ಷದ ಮರ್ಯಾದೆ ಇರುತ್ತದೆಂದು ಬಲವಾಗಿ ನಂಬಿದ ಈ ಮನುಷ್ಯ, ನೀಲಿ ಬೆಳಕಿನ ಸೈಟಿನಲ್ಲೂ ಅದೇ ಗಣಪತಿಯನ್ನು ಕಂಡಿದ್ದ. ಗೆದ್ದಾಯಿತು. ಮೈಕಿನಲ್ಲಿ ಹೆಸರು ಬಾರದಿದ್ದುದಷ್ಟೇ ಕೊರತೆ.

ಸೈಟಿಗೆ ಇದು ತಿಳಿಯದು. ವಾರದೊಳಗೆ ಸುಮುಖನಿಗೆ ಪತ್ರ ಬಂತು: ಖರೀದಿದಾರರು ಹಣ ಕಳಿಸಿಲ್ಲವೆಂದು ಕಾಣುತ್ತದೆ. ದಯವಿಟ್ಟು ಅವರೊಂದಿಗೆ ಸೌಜನ್ಯದಿಂದ ಮಾತಾಡಿ, ಹೆಚ್ಚಿನ ಸಂದರ್ಭಗಳಲ್ಲಿ ಇದು ಬರಿಯ ತಪ್ಪು ತಿಳಿವಳಿಕೆ. ಆ ರಾತ್ರಿ ಸುಮನಾ ಸೌಜನ್ಯದಿಂದ ಉಪ್ಪಿಟ್ಟು ಬಡಿಸಿದಳು. 'ಇನ್ನಷ್ಟು ಹಾಕ್ಲಾ ರೀ?' ಎಂದು ಎರಡು ಸಲ ಕೇಳಿದಳು. 'ಉಪ್ಪು ಕಮ್ಮಿ,' ಎಂದ ಖರೀದಿದಾರ. ದೂರು ಕೊಟ್ಟರೆ ಅವನ ಹೆಸರಿಗೆ ಕಪ್ಪುಚುಕ್ಕೆ ಬೀಳುತ್ತದೆ, ಅವನು ಉರಿದೆದ್ದು ಬೈಕು ಹತ್ತಿ ಕೊಪ್ಪಕ್ಕೆ ಬಂದು ಯಾರವನು ಸುಮುಖ ಎಂದು ಕೇಳುತ್ತಾನೆ. ದೂರು ಕೊಡದಿದ್ದರೆ, ಅದಕ್ಕೆ ಸೈಟು ಇಟ್ಟ ಗಡುವು ಮುಗಿದ ದಿನ ಮಾರಾಟದ ಫೀಸು ಗಟ್ಟಿಯಾಗುತ್ತದೆ. ತನ್ನ ಗಂಡ ತನಗೆ ಕೊಡದ ದುಡ್ಡಿನ ಮೇಲೆ ತಾನೇ ಶುಲ್ಕ ತೆರಬೇಕು. ಆ ದುಡ್ಡು ಹೋದರೂ ಹೋಗಲಿ. ಸುಮುಖ ಹೋದರೆ, ಅವನ ಜೊತೆಗೆ ಆ ಸಾಲುಗಳೆಲ್ಲ ಹೋದರೆ, ಕೊಪ್ಪದ ಆ ಮೂಲೆಯಲ್ಲಿ ಮಾತ್ರ ಇದ್ದ ಆ ಇನ್ನೊಬ್ಬಳು ಎಲ್ಲಿಗೆ ಹೋಗುವುದು? ಕೊನೆಗೆ ಸುಮುಖನ ಹೆಸರಿನಲ್ಲಿ ಒಂದು ಪತ್ರ ಬರೆದಳು. ಧರ್ಮಪ್ಪನ ಕಾಫಿಯ ಹಾಗಿರಬೇಕೆಂದು ತುಂಬ ಕಷ್ಟಪಟ್ಟು ಬರೆದಳು: ಮಾನ್ಯರೇ, ಬೋರ್ಡು ನಿಮ್ಮ ದಾರಿ ಕಾಯುತ್ತಿದೆ, ತಾವು ಕ್ಷೇಮವೆಂದು ನಂಬಿದ್ದೇನೆ.

ಉತ್ತರ ಎರಡೇ ದಿನದಲ್ಲಿ ಬಂತು. ಇಂಗ್ಲಿಷಿನಲ್ಲಿತ್ತು, ಓದುತ್ತ ಓದುತ್ತ ಅವಳ ತಲೆಯಲ್ಲಿ ಕನ್ನಡವಾಗುತ್ತಿತ್ತು. ಮಾನ್ಯರೇ, ನಾನು ಈ ಊರಿನ ಗೌರವಸ್ಥ ವ್ಯಾಪಾರಿ. ಕೊಟ್ಟ ಮಾತಿಗೆ ತಪ್ಪುವವನಲ್ಲ. ನನ್ನ ತಂದೆಯ ಅಂಗಡಿಯಲ್ಲೂ ಇಂಥದೇ ಒಂದು ಬೋರ್ಡಿತ್ತು, ಅದು ಈಗೆಲ್ಲಿದೆಯೋ ಗೊತ್ತಿಲ್ಲ, ಅವರ ನೆನಪಿಗೆಂದು ಕೊಂಡೆ. ಆದರೆ ನನ್ನ ಹೆಂಡತಿಗೆ ತೀರಾ ಹುಷಾರಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾಳೆ. ದಯವಿಟ್ಟು ಸಮಯ ಕೊಡಿ.

ಸುಮನಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಯಾಕೋ ತನ್ನ ಎಡಗೈಯ ನಾಡಿಯನ್ನು ಬಲಗೈಯಿಂದ ಹಿಡಿದುಕೊಂಡಿದ್ದಾಳೆಂದು ಆಮೇಲೆ ಗೊತ್ತಾಯಿತು. ನಾಡಿ ಸರಿಯಾಗಿಯೇ ಇತ್ತು.

ಆ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಅಕ್ಕಿರೊಟ್ಟಿ ತಟ್ಟುತ್ತಿರುವಾಗ ಆಸ್ಪತ್ರೆಯಿಂದ ಪೆರೋಲಿನ ಮೇಲೆ ಬಂದವಳಂತೆ ಅನ್ನಿಸಿತು. ಸೋಮನಾಥ ನಾಲ್ಕು ರೊಟ್ಟಿ ತಿಂದ. ಅವಳು ಬಿಂದಿಗೆ ಎತ್ತಲು ಬಗ್ಗಿದಾಗ ಮಾತ್ರ ತಟ್ಟನೆ, 'ಇರು, ನಾ ಎತ್ತಿಡ್ತೀನಿ' ಎಂದ. ಶಂಕರಮ್ಮ ಕನ್ನಡಕದ ಮೇಲಿಂದ ಮಗನನ್ನು ನೋಡಿ, 'ಎಂತದೋ, ಸೂರ್ಯ ಭದ್ರಾ ಹೊಳೆ ಕಡೆಯಿಂದ ಹುಟ್ಟಿದನಾ ಇವತ್ತು?' ಎಂದರು. ಸುಳ್ಳು ಹೇಳಿದ ಬಾಯಿಗೆ ಅಂಜಿ ಕೈ ಒಳ್ಳೆಯದಾಗುತ್ತಿದೆ ಎಂದು ಸುಮನಾಳಿಗೆ ಅರ್ಥವಾಯಿತು. ಗುಜರಿಯವನ ಸುಳ್ಳು ತನ್ನದೂ ಇತ್ತಲ್ಲ, ತನ್ನ ಕೈ ಏನು ಒಳ್ಳೆಯದು ಮಾಡಿತು?

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ತಮ್ಮ ಶ್ರೀಮತಿಯವರಿಗೆ ಏನು ಕಾಯಿಲೆ ಎಂದು ಸುಮುಖ ಕೇಳಿದ. ಹೊಟ್ಟೆಯಲ್ಲಿ ಗೆಡ್ಡೆ, ಆಪರೇಷನ್ ಆಗಬೇಕು ಎಂದು ಉತ್ತರ ಬಂತು. ಅವರು ಎಂಥವರು ಎಂದು ಕೇಳಿದ, ಹಾಗೆ ಕೇಳುವುದು ಮಾರಾಟಗಾರನಿಗೆ ತಕ್ಕದ್ದಲ್ಲವೆಂದು ತಿಳಿದೂ. ಈ ಸಲದ ಉತ್ತರ ಉದ್ದವಿತ್ತು. ಅವಳು ಓದಿದವಳು, ನಾನು ಬಿ.ಕಾಂ. ಅರ್ಧಕ್ಕೆ ಬಿಟ್ಟವನು. ಮಾತು ಕಮ್ಮಿ. ದಿನಾ ಸಂಜೆ ಬಸ್ಸಿನಿಂದ ಇಳಿದವಳು ಮನೆಯ ಕಡೆ ತಿರುಗುವ ಮುಂಚೆ ಔಷಧಿ ಅಂಗಡಿಯ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ. ಏನೋ ಕೆಳಗಿಟ್ಟು ಇನ್ನೇನೋ ಎತ್ತಿಕೊಳ್ಳುವವಳ ಹಾಗೆ. ನನ್ನ ಅಂಗಡಿಯಿಂದ ಕಾಣುತ್ತದೆ. ಯಾಕೆ ಅಂತ ನಾನು ಯಾವತ್ತೂ ಕೇಳಿಲ್ಲ ಸಾರ್. ಕೇಳಿದರೆ ನಿಲ್ಲುವುದನ್ನು ಬಿಟ್ಟುಬಿಡುತ್ತಾಳೇನೋ ಅಂತ.

ಸೈಬರ್ ಸೆಂಟರಿನ ಫ್ಯಾನು ತಿರುಗುತ್ತಿತ್ತು. ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ಎಸ್ಸೆಸ್ಸೆಲ್ಸಿ ಫಲಿತಾಂಶ ಹುಡುಕುತ್ತಿದ್ದರು. ಅವಳು ಆ ಪತ್ರವನ್ನು ಉತ್ತರಪತ್ರಿಕೆ ತಿದ್ದುವ ಕಣ್ಣಿನಿಂದ ಮತ್ತೆ ಓದಿದಳು. ಇಷ್ಟು ಹಸಿಯಾದ ಸುಳ್ಳಿನ ನಡುವೆ ಇಷ್ಟು ನಿಜ ಹೇಗೆ ಬಂತು? ಇದು ದುಡ್ಡು ತಳ್ಳಲಿಕ್ಕೆ ಹಚ್ಚಿದ ಬಣ್ಣವೋ, ಅಥವಾ ದುಡ್ಡಿನ ನೆವ ಸಿಕ್ಕದಿದ್ದರೆ ಎಂದೂ ಹೊರಗೆ ಬಾರದೆ ಹೋಗುತ್ತಿದ್ದ ಮಾತೋ? ತಾನು ಅಲ್ಲಿ ನಿಲ್ಲುವುದು ಹೌದು. ಸುಮುಖನನ್ನು ಇಳಿಸಿ ಸುಮನಾಳನ್ನು ಎತ್ತಿಕೊಳ್ಳಲು ಅಷ್ಟು ಹೊತ್ತು ಬೇಕಾಗುತ್ತಿತ್ತು. ನೋಡುವವಳು ತಾನೊಬ್ಬಳೇ ಎಂದುಕೊಂಡಿದ್ದಳು. ಮದುವೆಯಾದಾಗಿನಿಂದ ಅವನ ಉಸಿರು, ಅವನ ಚಪ್ಪಲಿ, ಅವನ ಮೌನದ ಬಗೆಗಳನ್ನೆಲ್ಲ ಕಾದು ನೋಡುತ್ತ ಬಂದವಳಿಗೆ, ಎದುರಿನಿಂದಲೂ ಒಂದು ಜೊತೆ ಕಣ್ಣು ಇತ್ತೆಂಬುದು ಅವಮಾನದ ಹಾಗೂ ಕಂಡಿತು, ಉಡುಗೊರೆಯ ಹಾಗೂ. ಅವಳು ದುರಾಸೆಗೆ ಬಿದ್ದಳು. ಗಡುವು ಹತ್ತಿರವಾಗುತ್ತಿದ್ದರೂ ದೂರು ಕೊಡದೆ, ಕಾಯಿಲೆ ಗುಣವಾಗದೆ ಇನ್ನೊಂದು ಪತ್ರದಷ್ಟಾದರೂ ಉಳಿಯಲಿ ಎಂದು ಹಾರೈಸುತ್ತ, ಸುಮುಖನಿಂದ ಸಮಾಧಾನದ ಸಾಲುಗಳನ್ನು ಬರೆಸಿದಳು.

'ಅವನಿಗೆ ಎಂತ ಅಷ್ಟುದ್ದ ಬರೆಯೋದು ಮಾರಾಯ್ತಿ?' ತಸ್ಮಿಯಾ ರೇಗಿದಳು. 'ನಂಬರ್ ಕೊಡು, ಮುಸವ್ವಿರ್ ಫೋನ್ ಮಾಡಿ ಎರಡು ಬಿಟ್ರೆ ದುಡ್ಡು ತಾನಾಗಿ ಬರ್ತದೆ.'

'ಬೇಡ, ಪಾಪ. ಹೆಂಡತಿಗೆ ಹುಷಾರಿಲ್ವಂತೆ.'

'ಅಯ್ಯೋ ದಡ್ಡಿ! ದುಡ್ಡು ಕೊಡಬೇಕಾದ ಗಂಡಸರ ಹೆಂಡ್ತೀರು ಯಾವಾಗ ಹುಷಾರಾಗಿದ್ರು ಹೇಳು? ನಮ್ಮ ಅಂಗಡಿ ಉದ್ರಿಯವರ ಲೆಕ್ಕದಲ್ಲಿ ಅರ್ಧ ಕೊಪ್ಪ ಹಾಸಿಗೆ ಹಿಡಿದಿದೆ. ನೋಡ್ತಿರು, ಗಡುವಿನ ದಿನ ಸಾಯಿಸ್ತಾನೆ.'

ತಸ್ಮಿಯಾ ಹೇಳಿದಂತೆಯೇ ಆಯಿತು. ಗಡುವಿನ ದಿನ ಸುಮುಖನ ಹೆಸರಿಗೆ ಬಂದದ್ದು ಮೂರೇ ಸಾಲು. ಮಾನ್ಯರೇ, ನನ್ನ ಹೆಂಡತಿ ನಿನ್ನೆ ತೀರಿಕೊಂಡಳು. ಈಗ ನನಗೆ ಆ ಬೋರ್ಡು ಬೇಡವಾಗಿದೆ. ದಯವಿಟ್ಟು ರದ್ದು ಮಾಡಿ.

ನಿನ್ನೆ. ನಿನ್ನೆ ಅವಳು ಅವನ ಅಂಗಿಗೆ ಗುಂಡಿ ಹಾಕಿದ್ದಳು, ರಾತ್ರಿ ಹಲಸಿನ ಹಪ್ಪಳ ಕರಿದಿದ್ದಳು, ಅವನು ಒಂದು ಹಪ್ಪಳ ಮುರಿದು ಅರ್ಧ ಅವಳ ತಟ್ಟೆಗೆ ಹಾಕಿದ್ದ. ಅದು ತಿಥಿಯ ಎಡೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟೂ ಅಲ್ಲ, ಅಂಕ ಕಮ್ಮಿ ಬಿದ್ದ ಹುಡುಗಿಯ ಪೆಚ್ಚು: ಇಷ್ಟಕ್ಕೇನಾ? ಒಂದು ತಗಡಿನ ಬೆಲೆಗೆ? ಇನ್ನೊಂದು ವಾರ ನರಳಿಸಬಹುದಿತ್ತು. ಸೈಟಿನಲ್ಲಿ ಒಂದು ದಾರಿಯಿತ್ತು. ಇಬ್ಬರೂ ಒಪ್ಪಿ ವ್ಯವಹಾರ ಕೈಬಿಟ್ಟರೆ ಅವನ ಹೆಸರಿಗೆ ಚುಕ್ಕೆಯಿಲ್ಲ, ಮಾರಾಟದ ಫೀಸು ಮಾರಾಟಗಾರನಿಗೆ ವಾಪಸು. ಕಾರಣವೇನೆಂದು ಸೈಟು ಕೇಳಿತು. ಖರೀದಿದಾರರ ಕುಟುಂಬದಲ್ಲಿ ಮರಣ ಎಂದು ಅವಳು ತನ್ನ ಕೈಯಾರೆ, ಅಕ್ಷರ ತಪ್ಪದೆ, ತುಂಬಿದಳು. ಖರೀದಿದಾರ ನಿಮಿಷದೊಳಗೆ ಒಪ್ಪಿದ. ಫೀಸು ಮುಸವ್ವಿರನ ಕಾರ್ಡಿಗೆ ಮರಳಿತು. ಅವಳ ಸಾವಿನಿಂದ ಲೋಕದಲ್ಲಿ ಯಾರಿಗೂ ನಷ್ಟವಾಗಲಿಲ್ಲ. ಸಂಜೆಯೊಳಗೆ ಸುಮುಖನ ಹೆಸರಿನ ಕೆಳಗೆ ಹೊಸ ಸಾಲೊಂದು ಸೇರಿತ್ತು: ಕಷ್ಟಕಾಲದಲ್ಲಿ ಅರ್ಥ ಮಾಡಿಕೊಂಡ ದೊಡ್ಡ ಮನುಷ್ಯ. ಇಂಥವರು ಈಗ ಇಲ್ಲ.

'ಸಾಯಿಸಿದನಾ?' ಎಂದಳು ತಸ್ಮಿಯಾ.

'ಹ್ಞೂಂ.'

'ನಾ ಹೇಳ್ಲಿಲ್ವ!' ಎಂದು ಜೋರಾಗಿ ನಕ್ಕವಳು, ಗೆಳತಿಯ ಮುಖ ನೋಡಿ ನಗು ನಿಲ್ಲಿಸಿದಳು. 'ನಿಜವಾಗ್ಲೂ ಸತ್ತಿದ್ರೆ ಪಾಪವೇ. ನೀ ಯಾಕೆ ಹಂಗೆ ಬಿಳಿಚಿಕೊಂಡೆ?'

ಆ ಭಾನುವಾರ ಬೆಳಿಗ್ಗೆ ಸೋಮನಾಥ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು ನಿಂತು, 'ಹೊರಡು, ಶೃಂಗೇರಿಗೆ ಹೋಗಿ ಬರಾಣ' ಎಂದ.

'ಎಂತ ವಿಶೇಷ?'

'ವಿಶೇಷ ಇದ್ರೆ ಮಾತ್ರ ಹೋಗೋದಾ? ಎಲ್ಲದಕ್ಕೂ ಕಾರಣ ಕೇಳ್ತಾಳೆ, ಮೇಷ್ಟ್ರಮ್ಮ.'

ಸೇವೆಯ ಕೌಂಟರಿನಲ್ಲಿ ಅವನು ಅವಳ ಹೆಸರಿನಲ್ಲಿ ಚೀಟಿ ಮಾಡಿಸಿದ. ಒಳಗೆ ಅರ್ಚಕರು ನಕ್ಷತ್ರ ಕೇಳಿದಾಗ ಅವಳ ಕಡೆ ತಿರುಗಿ, 'ನಿಂದು ಎಂತದೇ?' ಎಂದು ಪಿಸುಗುಟ್ಟಿದ. 'ಆಯುಷ್ಯಕ್ಕೆ ಸ್ವಾಮಿ,' ಎಂದು ಅರ್ಚಕರಿಗೆ ಹೇಳಿದ. 'ದೀರ್ಘ ಆಯುಷ್ಯಕ್ಕೆ. ಯಾರಾದ್ರೂ ಬಾಯಿ ತಪ್ಪಿ ಏನಾದ್ರೂ ಅಂದಿದ್ರೂ ತಟ್ಟಬಾರದು, ಹಂಗೆ.' ಅರ್ಚಕರು ತಲೆಯಾಡಿಸಿದರು. ಸುಮನಾ ಕಣ್ಣು ಮುಚ್ಚಿದಳು, ಕೈಮುಗಿದವರೆಲ್ಲ ಮುಚ್ಚುತ್ತಾರೆಂದು. ಚೀಟಿಗೆ ಅವನು ಕಿಸೆಯಿಂದ ನೋಟು ತೆಗೆದು ಅಲ್ಲೇ, ಆಗಲೇ, ಎಣಿಸಿ ಕೊಟ್ಟಿದ್ದ. ಕೂಗಿದ ದಿನವೇ ಅವನು ದುಡ್ಡು ಕೊಟ್ಟದ್ದನ್ನು ಅವಳು ಜೀವಮಾನದಲ್ಲಿ ಮೊದಲ ಸಲ ನೋಡಿದಳು. ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕುವಾಗ ಅವನು ಏನೋ ಹೇಳಲು ಹೊರಟು ಎರಡು ಸಲ ಗಂಟಲು ಸರಿಮಾಡಿಕೊಂಡ. ಈಗ ಹೇಳುತ್ತಾನೆ, ಅಂದುಕೊಂಡಳು ಅವಳು. ಹೇಳಿದರೆ ತಾನೂ ಹೇಳಬೇಕು.

'ನೋಡು, ಕೊಪ್ಪದಲ್ಲಿ ಒಬ್ರಿದ್ದಾರೆ,' ಎಂದ, ಮೀನುಗಳ ಕಡೆಗೇ ನೋಡುತ್ತ. 'ಸುಮುಖ ಅಂತ. ಬಸ್‌ಸ್ಟ್ಯಾಂಡ್ ಎದುರು ಸೈಬರ್ ಸೆಂಟರಲ್ಲಿ ಕೇಳಿದ್ರೆ ಗೊತ್ತಾಗುತ್ತೆ. ಭಾರಿ ದೊಡ್ಡ ಮನುಷ್ಯ. ವ್ಯಾಪಾರದಲ್ಲಿ ನಂಗೊಂದು ಉಪಕಾರ ಮಾಡಿದ್ರು.' ಮಗ್ಗುಲಿನ ಚೀಲದಿಂದ ಪ್ರಸಾದದ ಇನ್ನೊಂದು ಪೊಟ್ಟಣ ತೆಗೆದು ಅವಳ ಮಡಿಲಿಗಿಟ್ಟ. 'ನಾಳೆ ಹೋದಾಗ ಇದನ್ನ ಅವರಿಗೆ ಮುಟ್ಟಿಸಿಬಿಡು.'

'ನೀವೇ ಹೋಗಿ ಕೊಡಬಹುದಲ್ಲ?'

'ಛೆ, ನಂಗೆ ಅವರಿಗೆ ಮುಖ ತೋರ್ಸಕ್ಕಾಗಲ್ಲ. ಯಾರು ಕಳಿಸಿದ್ದು ಅಂತ ಕೇಳಿದ್ರೆ ಎನ್.ಆರ್. ಪುರದ ಹಾರ್ಡ್‌ವೇರಿನವರು ಅನ್ನು. ನೀನು ಯಾರು ಅಂತ ಕೇಳಿದ್ರೆ ಮಾತ್ರ...'

'ಕೇಳಿದ್ರೆ?'

'ಅಂಗಡೀಲಿ ಲೆಕ್ಕ ಬರಿಯೋಳು ಅನ್ನು. ಹೆಂಡ್ತಿ ಅಂತ ಮಾತ್ರ ಹೇಳ್ಬೇಡ ಮಾರಾಯ್ತಿ.'

'ಯಾಕೆ?'

'ಅದು ಹಂಗೇ,' ಎಂದು ಅವನು ಉಳಿದ ಮಂಡಕ್ಕಿಯನ್ನೆಲ್ಲ ಒಮ್ಮೆಲೇ ನೀರಿಗೆ ಸುರಿದ. ಮೀನುಗಳು ಒಂದರ ಮೇಲೊಂದು ಬಿದ್ದು ನೀರು ಕುದಿಸಿದವು.

ಸೋಮವಾರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಅವಳು ಪೊಟ್ಟಣ ಬಿಚ್ಚಿದಳು. ಕುಂಕುಮವನ್ನು ಬೆರಳಿನಿಂದ ಹಣೆಗೆ ಇಟ್ಟುಕೊಂಡಳು. ಲಾಡನ್ನು, ಯಾರೂ ಕೇಳದಿದ್ದರೂ ಕಿಟಕಿಯ ಕಡೆ ತಿರುಗಿ, ಸ್ವಲ್ಪ ಸ್ವಲ್ಪವೇ ಮುರಿದು ಪೂರ್ತಿ ತಿಂದಳು. ತುಪ್ಪ ಚೆನ್ನಾಗಿತ್ತು. ಸಂಜೆ ಅವನು ಕೇಳುತ್ತಾನೆ, ಸಿಕ್ಕಿದ್ರಾ ಅವರು? ಸಿಕ್ಕಿದ್ರು ಅನ್ನಬೇಕು. ಎಂತ ಹೇಳಿದ್ರು? ಸಂತೋಷಪಟ್ಟರು ಅನ್ನಬೇಕು. ಅಷ್ಟೂ ನಿಜವೇ. ಅದಕ್ಕಿಂತ ಹೆಚ್ಚನ್ನು ಅವನಿಗಾಗಲಿ, ಅತ್ತೆಗಾಗಲಿ, ತಸ್ಮಿಯಾಳಿಗಾಗಲಿ, ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿ ಅವಳು ಕೈಯೊರೆಸಿಕೊಂಡಳು.